ಕ್ಯಾನ್ಸರ್ ಗಂಟು ಗಟ್ಟಿ ಯಾಕೆ?

ಸ್ತನದ ಕ್ಯಾನ್ಸರ್ ಗಂಟು ಬಹಳ ಸಲ ಕೈಗೆ ಸಿಗುವುದೇ ಅದು ಗಟ್ಟಿಯಾಗಿರುವುದರಿಂದ. ಆದರೆ ಆ ಗಟ್ಟಿತನ ಹೆಚ್ಚಾಗಿ ಕ್ಯಾನ್ಸರ್ ಕೋಶಗಳದ್ದಲ್ಲ. ಅವುಗಳ ಸುತ್ತ ಜಮೆಯಾಗುವ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನದು. ನಮ್ಮ ಚರ್ಮ, ಮೂಳೆಗಳಿಗೆಲ್ಲ ಬಲ ಕೊಡುವುದೂ ಇದೇ ಕೊಲಾಜನ್. ವೈದ್ಯರ ಬೆರಳಿಗೆ ಶತಮಾನಗಳಿಂದ ಗೊತ್ತಿದ್ದ ಈ ಗಟ್ಟಿತನದ ಬಗ್ಗೆ ವಿಜ್ಞಾನ ತಲೆ ಕೆಡಿಸಿಕೊಂಡದ್ದು ಮಾತ್ರ ತೀರಾ ತಡವಾಗಿ.

ಸುಳಿವು ಹಳೆಯದೇ. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ಮರಣೋತ್ತರ ದಾಖಲೆಗಳನ್ನು ಪರಿಶೀಲಿಸಿದರು. ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ. ಆದರೂ ಕ್ಯಾನ್ಸರ್ ಹರಡಿದ್ದು ಲಿವರ್‌ಗೆ ಜಾಸ್ತಿ, ಗುಲ್ಮಕ್ಕೆ ಬಹಳ ಕಡಿಮೆ. ಬೀಜ ಎಲ್ಲ ಕಡೆ ಬಿದ್ದರೂ ಮೊಳೆಯುವುದು ಒಗ್ಗುವ ಮಣ್ಣಿನಲ್ಲಿ ಮಾತ್ರ ಎಂದು ಅವರು ವಾದಿಸಿದರು.

ಆಮೇಲೆ ಎಲ್ಲರ ಕಣ್ಣೂ ಬೀಜದ, ಅಂದರೆ ಕ್ಯಾನ್ಸರ್ ಕೋಶದ, ಮೇಲೆಯೇ. 1911ರಲ್ಲಿ ಅಮೆರಿಕದ ವಿಜ್ಞಾನಿ ಪೇಟನ್ ರೌಸ್ ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ ಇದೆಯೆಂದು ತೋರಿಸಿದರು. ಅದರ ಜಾಡು ಹಿಡಿದು 1970ರ ದಶಕದಲ್ಲಿ ಕ್ಯಾನ್ಸರ್ ಜೀನ್‌ಗಳ ಪತ್ತೆಯಾಯಿತು. ದೊಡ್ಡ ಕೆಲಸವೇ. ಆದರೆ ಜೀನ್ ಕೆಟ್ಟರೆ ಕ್ಯಾನ್ಸರ್, ಅಷ್ಟೇ ಎಂಬ ನಂಬಿಕೆಯೂ ಅದರ ಜೊತೆಗೇ ಬೇರೂರಿತು.

ಆ ನಂಬಿಕೆಯನ್ನು ಅಲುಗಾಡಿಸಿದವರು ಇರಾನ್‌ನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಕೆಲಸ ಮಾಡಿದ ವಿಜ್ಞಾನಿ ಮಿನಾ ಬಿಸೆಲ್. 1984ರಲ್ಲಿ ಅವರು ಮತ್ತು ಡೇವಿಡ್ ಡಾಲ್ಬರ್ಗ್ ಅದೇ ರೌಸ್ ವೈರಸ್ಸನ್ನು ಮೊಟ್ಟೆಯೊಳಗಿನ ಕೋಳಿ ಭ್ರೂಣಕ್ಕೆ ಚುಚ್ಚಿದರು. ವೈರಸ್ ಕೋಶಗಳನ್ನು ಹೊಕ್ಕಿತು, ಗಡ್ಡೆ ಮಾತ್ರ ಬೆಳೆಯಲಿಲ್ಲ! ಅವೇ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಕ್ಯಾನ್ಸರ್ ಗುಣ ತೋರಿಸಿದವು. ಜೀನ್ ಅದೇ, ಬದಲಾದದ್ದು ನೆರೆಹೊರೆ. 1997ರಲ್ಲಿ ಬಿಸೆಲ್ ಲ್ಯಾಬಿನ ವ್ಯಾಲೆರಿ ವೀವರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಕೋಶ ತನ್ನ ಸುತ್ತಲಿನ ಜಾಲರಿಯನ್ನು ಹಿಡಿದುಕೊಳ್ಳುವ ಇಂಟೆಗ್ರಿನ್ ಎಂಬ ಪ್ರೋಟೀನನ್ನು ತಡೆದರು. ಸ್ತನ ಕ್ಯಾನ್ಸರ್ ಕೋಶಗಳು ಕೆಟ್ಟ ಜೀನ್ ಇಟ್ಟುಕೊಂಡೇ ಆರೋಗ್ಯವಂತ ಕೋಶಗಳ ಹಾಗೆ ಅಚ್ಚುಕಟ್ಟಾಗಿ ಜೋಡಿಸಿಕೊಂಡವು. ನನಗಂತೂ ಕ್ಯಾನ್ಸರ್ ಸಂಶೋಧನೆಯಲ್ಲಿ ಇದಕ್ಕಿಂತ ಅಚ್ಚರಿಯ ಪ್ರಯೋಗ ಸಿಕ್ಕಿಲ್ಲ. (ಬಿಸೆಲ್ ಲ್ಯಾಬಿನಲ್ಲಿ ಕೆಲಸ ಮಾಡಿದ ರಾಮ್‌ರಾಯ್ ಭಟ್ ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದೇ ದಾರಿಯ ಸಂಶೋಧನೆ ನಡೆಸುತ್ತಿದ್ದಾರೆ.)

ಕೊಲಾಜನ್ ಕಥೆ ಸ್ಪಷ್ಟವಾದದ್ದು 2000ದ ನಂತರ. ವಿಸ್ಕಾನ್ಸಿನ್‌ನ ಪೆಟ್ರಿಷಿಯಾ ಕೀಲಿ ತಂಡ ಇಲಿಗಳ ಗಡ್ಡೆಗಳನ್ನು ಲೇಸರ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಮಾಮೂಲಾಗಿ ಸುರುಳಿ ಸುರುಳಿಯಾಗಿರುವ ನಾರುಗಳು ಗಡ್ಡೆ ಬೆಳೆದಂತೆ ಬಿಗಿದು, ಕೊನೆಗೆ ಅದರ ಅಂಚಿಗೆ ಲಂಬವಾಗಿ ಹೊರಕ್ಕೆ ಚಾಚುತ್ತವೆ. ಕೋಶಗಳು ಅವನ್ನೇ ಹಿಡಿದು ಹೊರಗೆ ತೆವಳುತ್ತವೆ. ಇತ್ತ 2009ರಲ್ಲಿ ವೀವರ್ ತಂಡ, ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವವನ್ನು ಇಲಿಗಳಲ್ಲಿ ತಡೆದಾಗ ಗಡ್ಡೆಯ ಬೆಳವಣಿಗೆ ನಿಧಾನವಾಯಿತು.

ಹಾಗಾದರೆ ಕೊಲಾಜನ್ ತೆಗೆದುಬಿಟ್ಟರೆ ಆಯಿತಲ್ವಾ? ಅಷ್ಟು ಸುಲಭವಿಲ್ಲ. ಅದೇ ಜಾತಿಯ ಕಿಣ್ವವೊಂದನ್ನು ತಡೆಯುವ ಸಿಮ್ಟುಜುಮ್ಯಾಬ್ ಔಷಧಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಲ್ಲಿ ಫಲ ಕೊಡಲಿಲ್ಲ. ಇಲಿಗಳಲ್ಲಿ ಅದೇ ಕ್ಯಾನ್ಸರಿನ ಸುತ್ತಲಿನ ಅಂಗಾಂಶ ಕಡಿಮೆ ಮಾಡಿದಾಗ ರೋಗ ಇನ್ನೂ ಉಗ್ರವಾದದ್ದೂ ಇದೆ. ನಾರು ಕೆಲವೊಮ್ಮೆ ಬೇಲಿಯೂ ಹೌದು.

ಹೆಂಗಸರಿಗೆ ಇವತ್ತೇ ಉಪಯೋಗಕ್ಕೆ ಬರುವ ಸಂಗತಿ ಬೇರೊಂದಿದೆ: ಸ್ತನದ ಸಾಂದ್ರತೆ. ಕೊಲಾಜನ್ ಮತ್ತು ಗ್ರಂಥಿ ಜಾಸ್ತಿ, ಕೊಬ್ಬು ಕಡಿಮೆ ಇದ್ದರೆ ಮ್ಯಾಮೊಗ್ರಾಮ್‌ನಲ್ಲಿ (ಸ್ತನದ ಎಕ್ಸ್-ರೇ) ಬಿಳಿಯಾಗಿ ಕಾಣುತ್ತದೆ. ಗಡ್ಡೆಯೂ ಬಿಳಿಯೇ, ಹಾಗಾಗಿ ಅದು ಮರೆಯಾಗಬಹುದು. ಅಪಾಯವೂ ಹೆಚ್ಚು. ಟೊರಾಂಟೊದ ನಾರ್ಮನ್ ಬಾಯ್ಡ್ ತಂಡದ 2007ರ ಅಧ್ಯಯನದಲ್ಲಿ, 75 ಶೇಕಡಕ್ಕೂ ಹೆಚ್ಚು ಸಾಂದ್ರತೆ ಇದ್ದವರಿಗೆ 10 ಶೇಕಡಕ್ಕಿಂತ ಕಡಿಮೆ ಇದ್ದವರಿಗಿಂತ ಅಪಾಯ ಸುಮಾರು 4.7 ಪಟ್ಟು. ಈ ಸಾಂದ್ರತೆ ಮುಟ್ಟಿದರೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಮ್ಯಾಮೊಗ್ರಾಮ್ ಮಾಡಿಸಿದವರಿಗೆ ಸಾಂದ್ರತೆ ತಿಳಿಸುವುದು ಕಡ್ಡಾಯ. ನಮ್ಮಲ್ಲೂ ಅನೇಕ ರಿಪೋರ್ಟ್‌ಗಳಲ್ಲಿ ಅದು ಎ, ಬಿ, ಸಿ, ಡಿ ಎಂದು (ಎ ಅತಿ ಕಡಿಮೆ, ಡಿ ಅತಿ ಹೆಚ್ಚು) ಇರುತ್ತದೆ. ಸಿ ಅಥವಾ ಡಿ ಇದ್ದರೆ ಅಲ್ಟ್ರಾಸೌಂಡ್ ಕೂಡ ಬೇಕೇ ಎಂದು ವೈದ್ಯರನ್ನು ಕೇಳಿ.