ಐದು ಸೀಟಿನ ಹಳೇ ಓಮ್ನಿಗೆ ಇನ್ನೊಂದು ಬೆಂಚು, ದೊಡ್ಡ ವೀಲು: ಕಾನೂನು ಒಪ್ಪುತ್ತದೆಯೇ?

ಪ್ರಶ್ನೆ: ನಮ್ಮದು 2011ರ ಮಾರುತಿ ಓಮ್ನಿ, ಕೆಎ-11 ನಂಬರು. ಆರ್‌ಸಿಯಲ್ಲಿ ಐದು ಸೀಟು ಅಂತಿದೆ. ಮನೆಯವರೆಲ್ಲ ಒಟ್ಟಿಗೆ ಮೇಲುಕೋಟೆ, ಚಾಮುಂಡಿ ಬೆಟ್ಟ ಅಂತ ಹೋಗಲು ನಡುವೆ ಇನ್ನೊಂದು ಬೆಂಚ್ ಸೀಟು ಕೂರಿಸಿ, 12 ಇಂಚಿನ ವೀಲ್ ತೆಗೆದು 13 ಇಂಚಿನ ಅಲಾಯ್ ಹಾಕಿಸೋಣ ಅಂತಿದ್ದೇವೆ. ಈ ವರ್ಷ ಆರ್‌ಸಿ ರಿನೀವಲ್ ಬೇರೆ ಇದೆ. ತೊಂದರೆ ಆಗುತ್ತಾ?

ಉತ್ತರ: ಬೆಂಚ್ ಸೀಟಿನಿಂದ ಖಂಡಿತ ಆಗುತ್ತದೆ. ವೀಲ್ ವಿಚಾರ ನೀವು ಯಾವ ಟೈರ್ ಹಾಕಿಸುತ್ತೀರಿ ಅನ್ನುವುದರ ಮೇಲಿದೆ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷ ಈ ಕಾಯ್ದೆಗೆ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ(4) ಪ್ರಕಾರ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೀಟಿಗೊಂದು, ವೀಲಿಗೊಂದು ಅಂತ ಲೆಕ್ಕ ಹಾಕಿದರೆ ಎಷ್ಟಾಗುತ್ತದೆ ನೋಡಿಕೊಳ್ಳಿ.

ಸೀಟಿನ ಸಂಖ್ಯೆ ಆರ್‌ಸಿಯಲ್ಲೇ ಅಚ್ಚಾಗಿರುತ್ತದೆ. ಐದು ಎಂಟಾದರೆ ಬರಿಗಣ್ಣಿಗೇ ಕಾಣುತ್ತದೆ. "ಎಂಟು ಸೀಟಿನ ಓಮ್ನಿ ಕಂಪನಿಯೇ ಮಾಡಿತ್ತಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಮಾಡಿತ್ತು, ನಡುವಿನ ಬೆಂಚು ಹಿಂದಕ್ಕೆ ಮುಖ ಮಾಡಿ ಎದುರುಬದುರು ಕೂರುವ ಹಾಗೆ. ಆದರೆ ಅದನ್ನು ಆ ಸೀಟಿನ ಸಮೇತ ಪರೀಕ್ಷೆ ಮಾಡಿಸಿ ಅನುಮೋದನೆ ಪಡೆದಿತ್ತು. ನಿಮ್ಮ ಗಾಡಿ ಅನುಮೋದನೆ ಪಡೆದದ್ದು ಐದಕ್ಕೆ.

ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಹೇಗೆ ಕೂರಿಸುತ್ತಾರೆ ಅಂತ ಒಮ್ಮೆ ಬಗ್ಗಿ ನೋಡಿ. ಚೌಕ ಪೈಪಿನ ಫ್ರೇಮು, ನೆಲದ ತಗಡಿಗೆ ನಾಲ್ಕು ತೂತು, ಬೋಲ್ಟು, ಕೆಳಗೆ ಕಾಸಿನಗಲದ ವಾಷರು. ನಿಂತ ಗಾಡಿಯಲ್ಲಿ ಅಲ್ಲಾಡುವುದಿಲ್ಲ. ಮೂವರು ಕೂತರೆ ಸುಮಾರು 180 ಕಿಲೋ. ಡಿಕ್ಕಿಯಾದಾಗ ಬೋಲ್ಟಿನ ಮೇಲೆ ಅದರ ಹತ್ತಿಪ್ಪತ್ತು ಪಟ್ಟು ಬಲ ಬೀಳುತ್ತದೆ. ಹದಿನೈದು ವರ್ಷದ ತಗಡಿನಲ್ಲಿ ವಾಷರ್ ಸುತ್ತ ತುಕ್ಕು ಹಿಡಿದಿದ್ದರೆ ಬೋಲ್ಟು ತಗಡನ್ನೇ ಕಿತ್ತುಕೊಂಡು ಬರುತ್ತದೆ. ನೆಲದ ಕೆಳಗೆ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಓಡುತ್ತವೆ, ನೋಡದೆ ಡ್ರಿಲ್ ಇಟ್ಟರೆ ಅದೂ ಒಂದು ಅಪಾಯ.

ಇನ್ಶೂರೆನ್ಸ್ ಇನ್ನೂ ದೊಡ್ಡ ತಲೆನೋವು. ಪರವಾನಗಿಗಿಂತ ಹೆಚ್ಚು ಜನ ತುಂಬಿದ್ದ ಬಸ್ಸಿನ ಅಪಘಾತದಲ್ಲಿ ವಿಮಾ ಕಂಪನಿಯ ಹೊಣೆ ಅನುಮತಿ ಇದ್ದಷ್ಟು ಪ್ರಯಾಣಿಕರಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಅಂಜನಾ ಶ್ಯಾಮ್ ಪ್ರಕರಣದಲ್ಲಿ ಹೇಳಿದೆ. ಅದಕ್ಕಿಂತ ಮೇಲಿನ ಪರಿಹಾರದ ಹಣ ಮಾಲೀಕರ ತಲೆ ಮೇಲೆ. ಎಂಟು ಜನರೇ ಮುಖ್ಯವಾದರೆ ಆರ್‌ಸಿಯಲ್ಲೇ ಎಂಟು ಸೀಟಿರುವ ಗಾಡಿ ಹುಡುಕಿ. ನಮ್ಮ ಲೆಕ್ಕದಲ್ಲಿ ಅದೇ ಅಗ್ಗ.

ಸೀಟ್ ಕವರ್, ಹೊಸ ಫೋಮು, ರೆಕ್ಸಿನ್ ಬದಲಾವಣೆಗೆ ಯಾರ ಅನುಮತಿಯೂ ಬೇಡ. ಗಾಡಿಯ ಮೂಲ ಲಕ್ಷಣವೇ ಬದಲಾಗುವಂತೆ ರಚನೆಯಲ್ಲಿ ಮಾಡಿದ್ದನ್ನು ಮಾತ್ರ ಕಾಯ್ದೆ ಮಾರ್ಪಾಡು ಅನ್ನುತ್ತದೆ. ಮುಂದಿನ ಸೀಟಿಗೆ ಮಾತ್ರ ಬೇರೆ ಕಾರಿನ ಬಕೆಟ್ ಸೀಟು ಹಾಕಿಸಲು ಹೋಗಬೇಡಿ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ, ಸೀಟು ಎತ್ತಿದರೇ ಕೈ ಹೋಗುವುದು. ಬೋಲ್ಟ್ ಮಾಡಿ ಕೂರಿಸಿದ ಸೀಟನ್ನು ಪ್ರತಿ ಸರ್ವಿಸ್‌ಗೂ ಬಿಚ್ಚಬೇಕಾಗುತ್ತದೆ. ವಿಕಲಚೇತನರ ಬಳಕೆಗೆ ಗಾಡಿ ಹೊಂದಿಸುವುದಾದರೆ ದಾರಿ ಬೇರೆ: ಮಾಡಿಸಿದ ಮೇಲೆ ಆರ್‌ಟಿಒ ಅನುಮೋದನೆ ಪಡೆಯಲು ಅದೇ ಕಾಯ್ದೆಯ ಸೆಕ್ಷನ್ 52(2) ಅವಕಾಶ ಕೊಡುತ್ತದೆ.

ಈಗ ವೀಲು. ಓಮ್ನಿಗೆ ಕಂಪನಿಯ ಟೈರು 145 ಆರ್12 ಎಲ್‌ಟಿ, ಅಂದರೆ 145 ಮಿ.ಮೀ. ಅಗಲ, 12 ಇಂಚಿನ ರಿಮ್ಮಿಗೆ, ಎಲ್‌ಟಿ ಅಂದರೆ ಲೈಟ್ ಟ್ರಕ್. ಬದಿ ಎತ್ತರ ಅಗಲದ ಶೇ 80 ಅಂತ ಹಿಡಿದರೆ ಹೊರ ವ್ಯಾಸ ಸುಮಾರು 537 ಮಿ.ಮೀ. ಇದಕ್ಕೆ 155 ಆರ್13 ಹಾಕಿದರೆ 578 ಮಿ.ಮೀ. ಆಗುತ್ತದೆ, ಅಂದರೆ ಶೇ 7.7 ಜಾಸ್ತಿ. ಎಕ್ಸ್‌ಪ್ರೆಸ್‌ವೇಯಲ್ಲಿ ಮೀಟರ್ 80 ತೋರಿಸುವಾಗ ಗಾಡಿ 86ರಲ್ಲಿ ಓಡುತ್ತಿರುತ್ತದೆ. ಗೇರಿನ ಎಳೆತವೂ ಅಷ್ಟೇ ಕಮ್ಮಿ, 796 ಸಿಸಿ ಎಂಜಿನ್ನಿಗೆ ಮೇಲುಕೋಟೆ ಏರಿನಲ್ಲಿ ಒಂದು ಗೇರು ಬೇಗ ಇಳಿಸಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಒಳಗೆ ಉಜ್ಜುವ ಸಾಧ್ಯತೆಯೂ ಇದೆ.

ಅಂಗಡಿಯವರು 155/65 ಆರ್13 (ಬದಿ ಎತ್ತರ ಅಗಲದ ಶೇ 65) ತೋರಿಸಬಹುದು. ವ್ಯಾಸ ಸುಮಾರು 532 ಮಿ.ಮೀ., ಹಳೆಯದಕ್ಕೆ ಹೆಚ್ಚು ಕಡಿಮೆ ಸಮ. ಆದರೆ ಈ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವುದು ಕಾರಿನ ಟೈರು, ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ) 73. ಒಂದು ಟೈರು ಹೊರುವುದು 365 ಕಿಲೋ, ಹಿಂದಿನ ಆಕ್ಸಲ್‌ಗೆ ಎರಡೂ ಸೇರಿ 730. ವ್ಯಾನಿಗೆ ಕಂಪನಿ ಎಲ್‌ಟಿ ಟೈರು ಕೊಟ್ಟಿರುವುದೇ ಹೆಚ್ಚು ಭಾರ ಹೊರಲಿ ಅಂತ. ನಿಮ್ಮ ಹಳೆ ಟೈರಿನ ಬದಿಯಲ್ಲಿರುವ ಲೋಡ್ ಇಂಡೆಕ್ಸನ್ನು ಹೊಸದರ ಜೊತೆ ಹೋಲಿಸಿ, ಅದು ಕಮ್ಮಿಯಾದರೆ ಬೇಡವೇ ಬೇಡ. ಮಡ್‌ಗಾರ್ಡಿನಿಂದ ಹೊರಗೆ ಚಾಚುವ ರಿಮ್ಮೂ ಬೇಡ, ವೀಲ್ ಬೇರಿಂಗ್ ಬೇಗ ಹೋಗುತ್ತದೆ.

ನಮ್ಮ ಸಲಹೆ: ಅಲಾಯ್ ಆಸೆ ಬಿಡಿ, ಅದೇ 12 ಇಂಚಿನ ರಿಮ್ಮಿಗೆ ಹೊಸ ಎಲ್‌ಟಿ ಟೈರು ಹಾಕಿಸಿ. ಓಮ್ನಿ ಎಳೆಯುವುದು ಹಿಂದಿನ ಚಕ್ರದಿಂದ, ಆದ್ದರಿಂದ ಹಿಂದಿನ ಎರಡೂ ಒಂದೇ ಅಳತೆಯ, ಒಂದೇ ಸವೆತದ ಟೈರಾಗಿರಲಿ, ಇಲ್ಲದಿದ್ದರೆ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಹಿಂದಿನ ಚಕ್ರಕ್ಕೂ ಹಂಚುವ ಗೇರು) ಸವೆಯುತ್ತದೆ. ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಮ್ಮಿ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 94ರ ಪ್ರಕಾರ ಆ ಟೈರು ಓಡಿಸುವಂತಿಲ್ಲ.

ರಿನೀವಲ್‌ಗೆ ಫಾರಂ 25. ಅವಧಿ ಮುಗಿಯುವ ಮೊದಲಿನ 60 ದಿನದೊಳಗೆ ಅರ್ಜಿ ಹಾಕಬಹುದು. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಹಸಿರು ತೆರಿಗೆ ಕಟ್ಟಿದ ರಸೀದಿ ಜೊತೆಗಿರಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಅದನ್ನು ಮೊದಲು ತೆಗೆಸಿ. ಮೈಸೂರಿಗೆ ಮನೆ ಬದಲಾಗಿದ್ದರೆ ವಿಳಾಸವೂ ಬದಲಾಗಬೇಕು, ಬಡಾವಣೆ ನೋಡಿ ಮೈಸೂರು ಪಶ್ಚಿಮ ಅಥವಾ ಪೂರ್ವ ಆರ್‌ಟಿಒ ಕಚೇರಿಯಲ್ಲಿ. ಇನ್‌ಸ್ಪೆಕ್ಟರ್ ಚಾಸಿ ನಂಬರನ್ನೂ ಸೀಟುಗಳನ್ನೂ ಆರ್‌ಸಿ ಹಿಡಿದು ತಾಳೆ ನೋಡುತ್ತಾರೆ. ಸಾಮಾನು ಹೇರಲು ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದ್ದರೆ, ಅದರ ಬೋಲ್ಟುಗಳ ಸಮೇತ ಕೂರಿಸಿ, ಬೆಲ್ಟು ಎಳೆದು ನೋಡಿಕೊಂಡೇ ಗಾಡಿ ತೆಗೆದುಕೊಂಡು ಹೋಗಿ.