ಹಳದಿಯಾದದ್ದು ಕುಡಿ ಎಲೆಯೋ, ಬುಡದ ಎಲೆಯೋ?

"ಸರ್, ಶೇಂಗಾ ಹಳದಿ ಆಗ್ಯಾವ್ರಿ. ಯೂರಿಯಾ ಹಾಕ್ಲೇನ್ರಿ?" ಮಳೆಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆಯೇ ಜಾಸ್ತಿ. ನಾನು ತಿರುಗಿ ಕೇಳುವುದೂ ಒಂದೇ. ಯಾವ ಎಲೆ ಹಳದಿಯಾಗಿದೆ? ನರವೂ ಹಳದಿಯಾಗಿದೆಯಾ?

ಎಲೆಯ ಹಸಿರೆಲ್ಲ ಇರುವುದು ಕ್ಲೋರೋಪ್ಲಾಸ್ಟ್‌ಗಳಲ್ಲಿ. ಎಲೆಯ ಒಂದೊಂದು ಹಸಿರು ಕೋಶದಲ್ಲೂ ಇವು ಹತ್ತಾರು ಇರುತ್ತವೆ. ಉದ್ದ ಸುಮಾರು 5ರಿಂದ 10 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ ನೂರಾದರೂ ಸಾಲಾಗಿ ಕೂರುತ್ತವೆ. ಹೊರಗೆ ಎರಡು ಪೊರೆ. ಒಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳು, ಪೇರಿಸಿಟ್ಟ ನಾಣ್ಯಗಳ ಹಾಗೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇರುವುದು ಈ ಚೀಲಗಳ ಪೊರೆಯಲ್ಲಿ. ಬಿಸಿಲು ಬಿದ್ದರೆ ಇಲ್ಲೇ ನೀರು ಒಡೆದು ಆಮ್ಲಜನಕ ಹೊರಬರುತ್ತದೆ. ಸುತ್ತಲಿನ ದ್ರವ ಸ್ಟ್ರೋಮಾ. ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ತಯಾರಾಗುವುದು ಅಲ್ಲಿ. ಆ ಕೆಲಸ ಶುರು ಮಾಡುವ ಕಿಣ್ವ ರುಬಿಸ್ಕೋ. ಭಾರಿ ನಿಧಾನದ್ದು, ಸೆಕೆಂಡಿಗೆ ಕೆಲವೇ ಅಣು ಹಿಡಿಯುತ್ತದೆ. ಅದಕ್ಕೇ ಗಿಡ ಅದನ್ನು ರಾಶಿಗಟ್ಟಲೆ ಮಾಡಿಟ್ಟುಕೊಳ್ಳುತ್ತದೆ.

ಹೊಲದ ಲೆಕ್ಕ ಶುರುವಾಗುವುದೇ ಇಲ್ಲಿ. ರುಬಿಸ್ಕೋ ಒಂದು ಪ್ರೋಟೀನು, ಪ್ರೋಟೀನಿಗೆ ಸಾರಜನಕ ಬೇಕು. ಎಲೆಯಲ್ಲಿರುವ ಸಾರಜನಕದ ಬಹುಪಾಲು ಕ್ಲೋರೋಪ್ಲಾಸ್ಟ್‌ಗಳಲ್ಲೇ ಇದೆ. ಕೊರತೆ ಬಿದ್ದಾಗ ಗಿಡ ಬುಡದ ಎಲೆಗಳ ಕ್ಲೋರೋಪ್ಲಾಸ್ಟ್‌ ಕಳಚಿ, ಸಾರಜನಕವನ್ನು ಕುಡಿಗೆ ಸಾಗಿಸುತ್ತದೆ. ಬುಡದ ಎಲೆ ನರ ಸಮೇತ ಹಳದಿಯಾಗುತ್ತದೆ. ಮೆಕ್ಕೆಜೋಳದಲ್ಲಿ ಹೀಗೆ ಕಂಡರೆ ಯೂರಿಯಾ ಸರಿ. ಆದರೆ ಶೇಂಗಾ ಬೇರುಗಂಟಿನಲ್ಲೇ ಸಾರಜನಕ ಮಾಡಿಕೊಳ್ಳುವ ಬೆಳೆ ಅಲ್ವಾ, ಸುಮ್ನೆ ಚೀಲ ಬಿಚ್ಚಬೇಡಿ. ಬುಡದ ಎಲೆಯೇ ಹಳದಿ, ಆದರೆ ನರ ಮಾತ್ರ ಹಸಿರು ಅಂದರೆ ಮೆಗ್ನೀಷಿಯಂ ಮೇಲೆ ಅನುಮಾನ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಇರುವುದು ಅದೇ.

ಫೋನ್ ಮಾಡುವವರ ಶೇಂಗಾದಲ್ಲಿ ಹೆಚ್ಚಾಗಿ ಕಾಣುವುದು ಬೇರೆ. ಕುಡಿ ಎಲೆ ಹಳದಿ, ನರ ಹಸಿರು, ಬುಡದ ಎಲೆ ಚೆನ್ನಾಗಿಯೇ ಇರುತ್ತದೆ. ಇದು ಕಬ್ಬಿಣದ ಕೊರತೆ. ಪತ್ರಹರಿತ್ತಿನಲ್ಲಿ ಕಬ್ಬಿಣ ಇಲ್ಲ, ನಿಜ. ಆದರೆ ಪತ್ರಹರಿತ್ತು ತಯಾರಾಗಲು, ಥೈಲಕಾಯ್ಡ್ ಪೊರೆಯಲ್ಲಿ ಎಲೆಕ್ಟ್ರಾನು ಸಾಗಲು ಅದು ಬೇಕೇ ಬೇಕು. ಹಳೆ ಎಲೆಗೆ ಸೇರಿದ ಕಬ್ಬಿಣ ಸುಲಭಕ್ಕೆ ಕದಲುವುದಿಲ್ಲ, ಹೊಸ ಎಲೆ ಬೇರನ್ನೇ ನಂಬಬೇಕು. ಸುಣ್ಣದಂಶ ಜಾಸ್ತಿ ಇರುವ ಎರೆಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ.

ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ. ಮೊದಲು ನಾಲ್ಕು ಗಿಡಕ್ಕೆ ಮಾತ್ರ ಸಿಂಪಡಿಸಿ. ಕೆಲವು ದಿನ ಬಿಟ್ಟು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಹನಿ ಕೂತ ಕಡೆಯಷ್ಟೇ ಹಸಿರು ಚುಕ್ಕೆ ಮೂಡಿ, ಪಕ್ಕದ ಜಾಗ ಹಳದಿಯಾಗೇ ಉಳಿದಿದ್ದರೆ ಕೊರತೆ ಕಬ್ಬಿಣದ್ದೇ. ಆಮೇಲೆ ಇಡೀ ಹೊಲಕ್ಕೆ ಹೊಡೆಯಿರಿ, ಬಿಸಿಲು ಇಳಿದ ಮೇಲೆ. ದ್ರಾವಣ ಆಗಿಂದಾಗ ಕಲಸಿದ್ದೇ ಆಗಬೇಕು. ರಾತ್ರಿಯಿಡೀ ಇಟ್ಟು ಕೆಂಪು ತಿರುಗಿದ ನೀರು ಹೊಡೆದರೆ ಉಪಯೋಗವಿಲ್ಲ.