ರಬಿ: ದೆಹಲಿಯ ಕುಂಡಕ್ಕೆ ಹಿಂಗಾರು ಇಲ್ಲ

ದೆಹಲಿ, ನೋಯ್ಡಾ, ಲಖನೌ ಕಡೆ ಕೈತೋಟ ಮಾಡುವವರಿಗೆಂದು ಕನ್ನಡದಲ್ಲಿ ಬರುವ ಸಲಹೆಗಳಲ್ಲಿ ‘ಹಿಂಗಾರಿನಲ್ಲಿ ಬಟಾಣಿ ಬಿತ್ತಿ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಚಳಿಗಾಲದ ಬೆಳೆ ಹಂಗಾಮಿಗೆ ಹಿಂದಿಯಲ್ಲಿರುವ ‘ರಬಿ’ ಎಂಬ ಹೆಸರನ್ನು ಹಾಗೆ ಕನ್ನಡಿಸಿರುತ್ತಾರೆ. ಕರ್ನಾಟಕದೊಳಗೆ ಇದು ನಡೆಯುತ್ತದೆ. ಸರ್ಕಾರಿ ಕಾಗದಪತ್ರಗಳಲ್ಲೂ ಎರಡೂ ಒಂದೇ ಹಂಗಾಮು. ಗಂಗೆಯ ಬಯಲಿಗೆ ಹೋದ ಮೇಲೆ ನಡೆಯುವುದಿಲ್ಲ.

ಹಿಂಗಾರು ಮಳೆಯ ಹೆಸರು. ‘ಕಾರ್’ ಎಂದರೆ ಕಪ್ಪು, ಮಳೆಮೋಡ, ಮಳೆಗಾಲ. ಮುಂಚೆ ಸುರಿಯುವುದು ಮುಂಗಾರು, ಆಮೇಲೆ ಬರುವುದು ಹಿಂಗಾರು. ವಿಜಯಪುರದ ಎರೆಹೊಲದಲ್ಲಿ ಉತ್ತರೆ, ಹಸ್ತದ ಮಳೆ ನೋಡಿಕೊಂಡು ಬಿಳಿಜೋಳ ಬಿತ್ತುವವರಿಗೆ ಈ ಪದದ ಒಳಗೆ ನೆಲದ ತೇವ ಇದೆ. ದೆಹಲಿಯಲ್ಲಿ ಸೆಪ್ಟೆಂಬರ್ ಕೊನೆಗೆ ಮಳೆಗಾಲ ಮುಗಿಯುತ್ತದೆ. ಅಕ್ಟೋಬರ್, ನವೆಂಬರ್ ಅಲ್ಲಿ ಬಹುತೇಕ ಒಣ ತಿಂಗಳು. ಚಳಿಗಾಲದಲ್ಲಿ ಬೀಳುವ ಅಷ್ಟಿಷ್ಟು ಮಳೆ ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ಮಾರುತಗಳದು. ಅದನ್ನು ಹಿಂಗಾರು ಎನ್ನಲು ಬರುವುದಿಲ್ಲ.

ರಬಿ ಅರಬ್ಬಿ ಮಾತು, ಅರ್ಥ ವಸಂತ. ಮಳೆಗಾಲದಲ್ಲಿ ಬಿತ್ತುವ ಹಂಗಾಮಿನ ಹೆಸರಾದ ಖರೀಫ್ ಎಂದರೆ ಶರತ್ಕಾಲ. ಅಕ್ಟೋಬರ್–ನವೆಂಬರಿನಲ್ಲಿ ಬಿತ್ತುವ ಗೋಧಿಗೆ ವಸಂತದ ಹೆಸರೇಕೆ? ಹೆಸರು ಬಂದದ್ದು ಬಿತ್ತನೆಯಿಂದಲ್ಲ, ಕೊಯ್ಲಿನಿಂದ. ಕಂದಾಯ ವಸೂಲಿ ಮಾಡುವವನಿಗೆ ಬೇಕಾದದ್ದು ಕಣಕ್ಕೆ ಬಂದ ಕಾಳು. ಅಕ್ಬರನ ಕಾಲದ ದರಪಟ್ಟಿಗಳೂ ವಸಂತದ ಬೆಳೆ, ಶರತ್ತಿನ ಬೆಳೆ ಎಂದೇ ಬೇರೆಬೇರೆ ಇದ್ದವು. ಹಳೆಗನ್ನಡದಲ್ಲಿ ‘ಸುಗ್ಗಿ’ಗೆ ಕೊಯ್ಲು, ವಸಂತ ಎರಡೂ ಅರ್ಥವಿತ್ತು. ರಬಿಗೆ ಕನ್ನಡದ ನಂಟು ಹುಡುಕುವವರು ನೋಡಬೇಕಾದದ್ದು ಆ ಕಡೆ, ಮಳೆಯ ಕಡೆ ಅಲ್ಲ.

ಕುಂಡದಲ್ಲಿ ಸೊಪ್ಪು ಬೆಳೆಯುವವರಿಗೂ ಈ ವ್ಯತ್ಯಾಸ ಮುಖ್ಯ. ರಬಿಯ ಬೆಳೆ ಚಳಿಯನ್ನು ನಂಬಿದ್ದು. ಬೆಂಗಳೂರಿನ ಅಭ್ಯಾಸದಲ್ಲಿ ನವೆಂಬರಿನಲ್ಲಿ ಬೆಂಡೆ ಹಾಕಿದರೆ ದೆಹಲಿಯಲ್ಲಿ ಅದು ಮಣ್ಣಿನಲ್ಲೇ ಕೊಳೆಯುತ್ತದೆ; 20 ಡಿಗ್ರಿಗಿಂತ ಕೆಳಗೆ ಬೆಂಡೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಅದೇ ಹೊತ್ತಿನಲ್ಲಿ ಬಟಾಣಿ, ಪಾಲಕ್, ಮೆಂತ್ಯ, ಕೊತ್ತಂಬರಿ, ಮೂಲಂಗಿ ಹುಲುಸಾಗಿ ಬರುತ್ತವೆ.

‘ರಬಿಯಲ್ಲಿ ಹೂಕೋಸು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಸಲಹೆ ಇನ್ನೂ ಕೆಟ್ಟದ್ದು. ಉತ್ತರದ ಬಯಲಿನಲ್ಲಿ ಹೂಕೋಸಿನ ತಳಿಗಳನ್ನು ವಿಂಗಡಿಸುವುದೇ ಹೂ ಕಟ್ಟಲು ಬೇಕಾದ ತಾಪಮಾನದ ಮೇಲೆ. ಬೇಗ ಕೊಯ್ಲಿಗೆ ಬರುವ ಮುಂಚಿನ ತಳಿಗಳು 20ರಿಂದ 27 ಡಿಗ್ರಿಯಲ್ಲಿ ಹೂ ಕಟ್ಟುತ್ತವೆ. ತಡವಾಗಿ ಬರುವ ಸ್ನೋಬಾಲ್ ಗುಂಪಿನವಕ್ಕೆ 10ರಿಂದ 16 ಡಿಗ್ರಿಯ ಚಳಿ ಬೇಕು. ಮುಂಚಿನ ತಳಿಯನ್ನು ತಡವಾಗಿ ನೆಟ್ಟರೆ ಗಿಡ ಬಲಿಯುವ ಮೊದಲೇ ಅಂಗಿಯ ಗುಂಡಿಯಷ್ಟು ಹೂ ಕಟ್ಟಿ ನಿಲ್ಲುತ್ತದೆ. ಗೊಬ್ಬರ ಸುರಿದು ಅದನ್ನು ಸರಿಪಡಿಸಲಾಗದು. ಬೀಜದ ಪೊಟ್ಟಣ ಕೊಳ್ಳುವಾಗಲೇ ತಳಿಯ ಹೆಸರು ನೋಡಬೇಕು. ಗಜ್ಜರಿಯಲ್ಲೂ ಹಾಗೆಯೇ: ಕೆಂಪು ದೇಸಿ ಗಜ್ಜರಿಯನ್ನು ಆಗಸ್ಟ್ ಕೊನೆ, ಸೆಪ್ಟೆಂಬರಿನಿಂದಲೇ ಬಿತ್ತಬಹುದು, ಕಿತ್ತಳೆ ಬಣ್ಣದ ನಾಂಟೀಸ್‌ಗೆ ಅಕ್ಟೋಬರ್ ಮಧ್ಯದವರೆಗೆ ಕಾಯುವುದು ಮೇಲು.

ನೀರಿನ ಲೆಕ್ಕವೂ ಮಳೆಯ ಮೇಲಿಲ್ಲ. ಜನವರಿಯ ಮಂಜಿನಲ್ಲಿ ಕುಂಡದ ಮಣ್ಣು ಬೇಗ ಆರುವುದಿಲ್ಲ. ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಬಿಸಿಲೇರಿದ ಮೇಲೆ ಹಾಕಿ. ಪಾಲಾ, ಅಂದರೆ ಹಿಮಗಟ್ಟುವ ಚಳಿ, ಬೀಳುವ ಸೂಚನೆಯಿದ್ದ ಸಂಜೆ ಮಾತ್ರ ಪಾತಿಗೆ ತೆಳುವಾಗಿ ನೀರು ಕಟ್ಟುತ್ತಾರೆ, ಒದ್ದೆ ನೆಲ ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆಂದು.

ಮಾರ್ಚ್ ಬಿಸಿಲು ಏರುತ್ತಿದ್ದಂತೆ ಪಾಲಕ್, ಕೊತ್ತಂಬರಿ ಹೂಗಾಂಬು ಎತ್ತುತ್ತವೆ, ಉಳಿಸಿಕೊಳ್ಳಲು ಹೆಣಗಬೇಡಿ. ಸೌತೆ, ಹೀರೆ, ಕರಬೂಜದ ‘ಜಾಯದ್’ ಹಂಗಾಮು ಫೆಬ್ರವರಿಯ ಚಳಿ ಇಳಿಯುವಾಗಲೇ ಶುರುವಾಗಿರುತ್ತದೆ. ಜಾಯದ್ ಎಂದರೆ ಹೆಚ್ಚುವರಿ, ಎರಡು ಮುಖ್ಯ ಬೆಳೆಗಳ ನಡುವೆ ಸಿಕ್ಕದ್ದು. ಅದನ್ನೂ ‘ಬೇಸಿಗೆ ಬೆಳೆ’ ಎಂದು ಓದಿ ಏಪ್ರಿಲ್‌ವರೆಗೆ ಕಾದವರ ಎಳೆಬಳ್ಳಿ ಮೇ ತಿಂಗಳ ‘ಲೂ’ ಎಂಬ ಬಿಸಿಗಾಳಿಗೆ ಸಿಗುತ್ತದೆ.